ಡಿಪೋ ಜಾಗ ಇದ್ದೂ ಬಸ್ ಟಿಕೆಟ್ ಯಾಕೆ ಏರಿತು?

ಪ್ರಶ್ನೆ: ನಮ್ಮ ಮನೆ ಮುಂಬಯಿಯ ವಡಾಲಾದಲ್ಲಿ, ಹೋಟೆಲು ಮಾಟುಂಗಾದಲ್ಲಿ. ಮನೆಯ ಕಿಟಕಿಯಿಂದ ನಗರ ಬಸ್ ಸಂಸ್ಥೆ ಬೆಸ್ಟಿನ ಡಿಪೋ ಕಾಣುತ್ತದೆ. ಹಗಲಿಡೀ ಅರ್ಧ ಖಾಲಿ ಬಿದ್ದಿರುತ್ತದೆ. ಆದರೂ 2025ರ ಮೇ ತಿಂಗಳಲ್ಲಿ ಐದು ರೂಪಾಯಿ ಟಿಕೆಟ್ ಹತ್ತಾಯಿತು. ಪಾಲಿಕೆ ಕೊಟ್ಟ ಜಾಗದಲ್ಲಿ ನಮ್ಮ ಸಂಘದ ಒಂದು ಹಾಲ್ ಇದೆ. ಮದುವೆ, ನಾಮಕರಣಕ್ಕೆ ಬಾಡಿಗೆಗೆ ಕೊಡುತ್ತೇವೆ. ಆ ಹಣದಲ್ಲಿ ಮಕ್ಕಳಿಗೆ ಸ್ಕಾಲರ್‌ಶಿಪ್ ನಡೆಯುತ್ತದೆ. ನಮ್ಮ ಸಣ್ಣ ಸಂಘಕ್ಕೆ ಆಗುವುದು ಇಷ್ಟು ಆಸ್ತಿ ಇರುವ ಸರ್ಕಾರಿ ಸಂಸ್ಥೆಗಳಿಗೆ ಯಾಕೆ ಆಗುವುದಿಲ್ಲ? ಇನ್ನೊಂದು ಕಡೆ, ಜಾಗವನ್ನು ಬಿಲ್ಡರಿಗೆ ಕೊಡುವುದು ಅಜ್ಜನ ಆಸ್ತಿ ಮಾರಿ ಉಂಡ ಹಾಗೆ ಅಲ್ವಾ? – ಶೆಟ್ಟಿ, ವಡಾಲಾ

ಉತ್ತರ: ಶೆಟ್ಟರೇ, ನಿಮ್ಮದು ಒಂದು ಪ್ರಶ್ನೆ ಅಲ್ಲ, ಎರಡು. ಅವು ಒಂದಕ್ಕೊಂದು ವಿರುದ್ಧವೂ ಆಗಿವೆ. ಜಾಗದಿಂದ ದುಡಿಯುವುದಿಲ್ಲ ಯಾಕೆ ಅಂತ ಬೈಯುತ್ತೀರಿ. ದುಡಿಯಲು ಹೊರಟರೆ ಮಾರುತ್ತಿದ್ದಾರೆ ಅಂತಲೂ ಬೈಯುತ್ತೀರಿ. ನಾನು ಈ ಊರಿನ ಒಂದು ಸಾರ್ವಜನಿಕ ಸಂಸ್ಥೆಯ ಎಸ್ಟೇಟ್ ವಿಭಾಗದಲ್ಲಿ ಮೂವತ್ತು ವರ್ಷ ಕೂತವನು. ಎರಡೂ ಬೈಗುಳ ತಿಂದಿದ್ದೇನೆ. ಎರಡರಲ್ಲೂ ಸತ್ಯ ಇದೆ.

ಮೊದಲು ನೀವು ದಿನಾ ಗಲ್ಲಾದ ಮೇಲೆ ಕೂರುವ ಮಾಟುಂಗಾವನ್ನೇ ನೋಡೋಣ. 1896ರಲ್ಲಿ ಈ ಊರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರಗೆ ತರಬೇಕು ಅಂತ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. ದಾದರ್, ಮಾಟುಂಗಾದ ಅಗಲ ರಸ್ತೆ, ಮರದ ಸಾಲು, ಅಳತೆಯ ಪ್ಲಾಟು ಎಲ್ಲ ಆ ಟ್ರಸ್ಟಿನ ಕೆಲಸ. 1933ರಲ್ಲಿ ಅದು ಪಾಲಿಕೆಯೊಳಗೆ ಸೇರಿಹೋಯಿತು. ಟ್ರಸ್ಟು ಪ್ಲಾಟುಗಳನ್ನು ಮಾರಲಿಲ್ಲ, ಲೀಸಿಗೆ ಕೊಟ್ಟಿತು. ಕೆಲವು 99 ವರ್ಷಕ್ಕೆ, ಕೆಲವು 999 ವರ್ಷಕ್ಕೆ. ನೆಲಬಾಡಿಗೆ ಅಂದಿನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಇಂದಿನ ಲೆಕ್ಕದಲ್ಲಿ ಅದು ನಿಮ್ಮ ಹೋಟೆಲಿನ ಒಂದು ಟೇಬಲ್ಲಿನ ಬಿಲ್ಲಿಗೂ ಸಾಲದು.

ಇದು ನಿಮಗೆ ಹೊಸತಲ್ಲ. ನಮ್ಮ ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡಿತ್ತಲ್ಲ? ಮೂಲಗೇಣಿ ಶಾಶ್ವತ, ಗೇಣಿ ಏರುವುದಿಲ್ಲ. ಚಾಲಗೇಣಿಯಲ್ಲಿ ಒಡೆಯ ಗೇಣಿ ಏರಿಸಬಹುದು, ಬಿಡಿಸಲೂಬಹುದು. 999 ವರ್ಷದ ಲೀಸು ಅಂದರೆ ಮುಂಬಯಿಯ ಮೂಲಗೇಣಿ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸು ಅಂದರೆ ಚಾಲಗೇಣಿ. ಮೂಲಗೇಣಿಗೆ ಕೊಟ್ಟವನು ಕಾಗದದಲ್ಲಿ ಮಾತ್ರ ಒಡೆಯ. ಪಾಲಿಕೆ ಎಷ್ಟೋ ಕಡೆ ಅಂಥ ಕಾಗದದ ಒಡೆಯ. ನೀವು 'ಇಷ್ಟು ಆಸ್ತಿ' ಅಂದಿರಲ್ಲ, ಅದರಲ್ಲಿ ದೊಡ್ಡ ಪಾಲು ನಮ್ಮ ಅಜ್ಜಂದಿರ ಕಾಲದಲ್ಲೇ ಕೈ ಬಿಟ್ಟಿದೆ.

ಮಹಾಲಕ್ಷ್ಮಿ ರೇಸ್‌ಕೋರ್ಸ್ ಇದಕ್ಕೆ ಒಳ್ಳೆ ಉದಾಹರಣೆ. 211 ಎಕರೆ ಜಾಗ. ಲೀಸು 2013ರಲ್ಲಿ ಮುಗಿಯಿತು. ಮುಗಿದ ಮೇಲೂ ಕುದುರೆ ಓಡುತ್ತಲೇ ಇದ್ದವು. ಮುಂದೇನು ಅಂತ ತೀರ್ಮಾನ ಆಗಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2024ರಲ್ಲಿ 120 ಎಕರೆ ಪಾರ್ಕಿಗೆ, 91 ಎಕರೆ ರೇಸ್ ಕ್ಲಬ್ಬಿಗೆ ಅಂತಾಯಿತು. ಪಾರ್ಕ್ ಒಳ್ಳೆಯದೇ. ಆದರೆ ಲೀಸು ಯಾವ ದಿನ ಮುಗಿಯುತ್ತದೆ ಅಂತ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಸಿದ್ಧತೆ ಮಾತ್ರ ಇರಲಿಲ್ಲ.

ಹಾಗೆ ನೋಡಿದರೆ ನಮ್ಮ ಆಫೀಸಿನದೂ ಅದೇ ಕತೆ. ನಾನು ಸೇರಿದ ಎರಡನೇ ವರ್ಷ ಒಂದು ಗೋಡೌನಿನ ಫೈಲು ನನ್ನ ಟೇಬಲ್ಲಿಗೆ ಬಂತು. ನೋಡಿದರೆ ಕರಾರು ಮುಗಿದು ಹನ್ನೊಂದು ವರ್ಷ ಆಗಿದೆ. ನಾವು ಪ್ರತಿ ತಿಂಗಳೂ ಹಳೇ ದರದಲ್ಲೇ ಬಿಲ್ಲು ಕಳಿಸುತ್ತಿದ್ದೇವೆ, ಆತ ಪ್ರತಿ ತಿಂಗಳೂ ಕಟ್ಟುತ್ತಿದ್ದಾನೆ. 'ಒಳ್ಳೆ ಪಾರ್ಟಿ, ಬಾಕಿ ಇಲ್ಲ' ಅಂತ ಮೇಲೆ ಷರಾ ಬೇರೆ. ಕರಾರು ಮುಗಿದ ಮೇಲೂ ಬಾಡಿಗೆ ತೆಗೆದುಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಹಿಡಿದು ಆತ ನಾನು ಈಗಲೂ ಬಾಡಿಗೆದಾರನೇ ಅಂತ ಕೋರ್ಟಿನಲ್ಲಿ ನಿಲ್ಲಬಹುದು. ನಿಂತ. ನಾನು ರಿಟೈರ್ ಆಗುವಾಗಲೂ ಆ ಕೇಸು ನಡೆಯುತ್ತಿತ್ತು. ಅಲ್ಲಿ ಯಾರೂ ಲಂಚ ತಿಂದಿರಲಿಲ್ಲ. ಒಬ್ಬ ಗುಮಾಸ್ತ ವರ್ಗವಾಗಿ ಹೋದ, ಡೈರಿಯಲ್ಲಿದ್ದ ತಾರೀಕು ಅವನ ಜೊತೆಗೇ ಹೋಯಿತು, ಅಷ್ಟೇ.

ನಿಮ್ಮ ಸಂಘಕ್ಕೆ ಈ ಕಾಯಿಲೆ ಇಲ್ಲ. ಯಾಕೆಂದರೆ ನೀವು ಹಾಲನ್ನು ದಿನದ ಲೆಕ್ಕದಲ್ಲಿ ಕೊಡುತ್ತೀರಿ. ಮದುವೆ ಮುಗಿದ ರಾತ್ರಿಯೇ ಬೀಗದ ಕೈ ಕೋಶಾಧಿಕಾರಿಗಳ ಕೈಗೆ ಬರುತ್ತದೆ. ಅಡ್ವಾನ್ಸ್ ಮೊದಲೇ ಬಂದಿರುತ್ತದೆ, ಮುಂದಿನ ವರ್ಷ ದರ ಏರಿಸಲು ಕಮಿಟಿಯ ಒಂದು ಸಭೆ ಸಾಕು. ಸಂಸ್ಥೆಗಳು ಕೊಡುವುದು ಮೂವತ್ತು, ಅರವತ್ತು, ಎಂಬತ್ತು ವರ್ಷಕ್ಕೆ. ಕೊಟ್ಟವರೂ ಕೊಡಿಸಿದವರೂ ಅಷ್ಟರಲ್ಲಿ ಇರುವುದಿಲ್ಲ. ಅದಕ್ಕೇ ಹಣ ಇರುವುದು ನೆಲದಲ್ಲಿ ಅಲ್ಲ, ಕರಾರಿನಲ್ಲಿ ಅಂತ ನಾನು ಹೇಳುವುದು.

ಒಂದು ಸಣ್ಣ ಲೆಕ್ಕ ಹಾಕಿ. ತಿಂಗಳಿಗೆ ಒಂದು ಲಕ್ಷ ಬಾಡಿಗೆಯ ಒಂದು ಜಾಗ. ಕರಾರಿನಲ್ಲಿ 'ಪ್ರತಿ ವರ್ಷ ಶೇ. 5 ಏರಿಕೆ' ಅನ್ನುವ ಒಂದು ಸಾಲು ಇದ್ದರೆ ಮೂವತ್ತು ವರ್ಷ ಆಗುವಷ್ಟರಲ್ಲಿ ಅದು ತಿಂಗಳಿಗೆ ಸುಮಾರು 4.3 ಲಕ್ಷ. ಆ ಸಾಲು ಇಲ್ಲದಿದ್ದರೆ ಅದೇ ಒಂದು ಲಕ್ಷ. ಜಾಗವೂ ಅದೇ, ಬಾಡಿಗೆದಾರನೂ ಅವನೇ.

'ಬಾಡಿಗೆ ಕಾನೂನು ಏರಿಸಲು ಬಿಡುವುದಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಗಡಿ ಮನೆಗಳನ್ನು (ಮೊದಲೇ ಒಂದು ಮೊತ್ತ ಕೊಟ್ಟು ಹಳೇ ಬಾಡಿಗೆಯಲ್ಲೇ ಇರುವವರ ಮನೆಗಳನ್ನು) ಕಾಯುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಸರ್ಕಾರದ, ಪಾಲಿಕೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಮುಂಬಯಿ ಬಂದರಿನ ಬಾಡಿಗೆದಾರರು ದರ ಏರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಗಿದ್ದರು. 2004ರಲ್ಲಿ ತೀರ್ಪು ಬಂತು. ಸಾರ್ವಜನಿಕ ಸಂಸ್ಥೆ ದುರಾಸೆಯ ಖಾಸಗಿ ಮಾಲೀಕನ ಹಾಗೆ ನಡೆದುಕೊಳ್ಳಬಾರದು, ಆದರೆ ನ್ಯಾಯವಾದ ಬಾಡಿಗೆ ಕೇಳುವುದು ತಪ್ಪಲ್ಲ ಅನ್ನುವುದು ಅದರ ತಿರುಳು. ಆ ಬಂದರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೂರು ವರ್ಷದ ಹಿಂದೆ ಅಲೆಕ್ಸಾಂಡ್ರಾ ಡಾಕ್ ತೋಡಿದಾಗ ರಾಶಿ ರಾಶಿ ಮಣ್ಣು ಬಂತು. ಅದನ್ನು ಸಮುದ್ರಕ್ಕೆ ತುಂಬಿ 22 ಎಕರೆ ಹೊಸ ನೆಲ ಮಾಡಿದರು. ಅದೇ ಇಂದಿನ ಬಲ್ಲಾರ್ಡ್ ಎಸ್ಟೇಟ್. ಎಸೆಯಬೇಕಾದ ಮಣ್ಣಿನಿಂದ ಆಫೀಸು ಬೀದಿ! ನನ್ನ ಇಡೀ ನೌಕರಿಯಲ್ಲಿ ಇಷ್ಟು ಚೆಂದದ ಐಡಿಯಾ ಕೊಟ್ಟ ಒಬ್ಬ ಅಧಿಕಾರಿಯನ್ನೂ ನಾನು ನೋಡಲಿಲ್ಲ.

ಈಗ ಅಜ್ಜನ ಆಸ್ತಿಯ ಮಾತಿಗೆ ಬರೋಣ.

ಪರೇಲ್, ಲೋವರ್ ಪರೇಲ್ ಕಡೆ ಎನ್‌ಟಿಸಿ ಮಿಲ್ಲುಗಳ ಜಾಗ ಇತ್ತು. ಕೇಂದ್ರ ಸರ್ಕಾರದ ಕಂಪನಿ. 2005ರಲ್ಲಿ ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿನ ಜಾಗ 702 ಕೋಟಿಗೆ ಹೋಯಿತು, ದಾದರಿನ ಕೋಹಿನೂರ್ ಮಿಲ್ 421 ಕೋಟಿಗೆ. 2010ರಲ್ಲಿ ವರ್ಲಿಯ ಭಾರತ್ ಮಿಲ್ಲಿನ ಎಂಟು ಎಕರೆ ಚಿಲ್ಲರೆ 1,505 ಕೋಟಿಗೆ ಹೋಯಿತು. ಐದೇ ವರ್ಷದಲ್ಲಿ ದರ ಎಲ್ಲಿಗೆ ಏರಿತು ನೋಡಿ. ಬಂದ ಹಣ ಕಾರ್ಮಿಕರ ಸ್ವಯಂ ನಿವೃತ್ತಿಗೆ, ಸಾಲ ತೀರಿಸಲು, ಉಳಿದ ಮಿಲ್ಲುಗಳನ್ನು ಎಬ್ಬಿಸಲು ಅಂತ ಹೋಯಿತು. ಕಾರ್ಮಿಕರ ಬಾಕಿ ತೀರಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗ ಒಂದು ಸಲ ಹೋದರೆ ಹೋಯಿತು. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಅಂತ ನಿಮ್ಮ ಅಜ್ಜಿಯೂ ಹೇಳಿರಬೇಕು.

ಇದರ ಪಕ್ಕದಲ್ಲಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಇಟ್ಟು ನೋಡಿ. ರಸ್ತೆ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮ ಎಂಎಸ್‌ಆರ್‌ಡಿಸಿಯದು. 2004ರಲ್ಲಿ ಹದಿನೈದು ವರ್ಷ ಟೋಲ್ ಎತ್ತುವ ಹಕ್ಕನ್ನು ಐಆರ್‌ಬಿ ಕಂಪನಿಗೆ 918 ಕೋಟಿಗೆ ಕೊಟ್ಟರು. ಹಣ ಮುಂಗಡವಾಗಿ ಬಂತು. ಅವಧಿ ಮುಗಿಯಿತು, ಹಕ್ಕು ವಾಪಸು ಬಂತು. 2020ರಲ್ಲಿ ಹತ್ತೇ ವರ್ಷಕ್ಕೆ 8,262 ಕೋಟಿಗೆ ಮತ್ತೆ ಕೊಟ್ಟರು. ಅದೇ ರಸ್ತೆ, ಅದೇ ಘಾಟು! ಮಾರಿಬಿಟ್ಟಿದ್ದರೆ ಎರಡನೇ ಸಲ ಹರಾಜು ಹಾಕಲು ಏನು ಇರುತ್ತಿತ್ತು? ಹಾಗಂತ ಮೊದಲ ಕರಾರು ಚೊಕ್ಕಟವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹಾಕಿದ ಹಣ ಎಂದೋ ವಾಪಸು ಬಂದಿದೆ, ಇನ್ನೂ ಯಾಕೆ ಟೋಲ್ ಅಂತ ಜನ ಕೋರ್ಟಿಗೆ ಹೋದರು. ಗಾಡಿಗಳು ಅಂದಾಜಿಗಿಂತ ಜಾಸ್ತಿ ಬಂದರೆ ಆ ಜಾಸ್ತಿ ಹಣದಲ್ಲಿ ಸರ್ಕಾರಕ್ಕೆಷ್ಟು ಅಂತ ಮೊದಲೇ ಗಟ್ಟಿಯಾಗಿ ಬರೆದುಕೊಳ್ಳಬೇಕು. ಅದು ಬಿಟ್ಟುಹೋದರೆ ಜನರಿಗೆ ಸಿಟ್ಟು ಬರುವುದು ಸಹಜ.

2021ರಲ್ಲಿ ಕೇಂದ್ರ ಸರ್ಕಾರ ನಾಲ್ಕು ವರ್ಷದಲ್ಲಿ ಆರು ಲಕ್ಷ ಕೋಟಿ ರೂಪಾಯಿಯ ಆಸ್ತಿ ನಗದೀಕರಣ ಅಂತ ಘೋಷಿಸಿತಲ್ಲ, ಅದರ ಹಿಂದಿನ ಯೋಚನೆಯೂ ಇದೇ. ಒಡೆತನ ಇಟ್ಟುಕೊಂಡು, ಬಳಸುವ ಹಕ್ಕನ್ನು ಇಷ್ಟು ವರ್ಷಕ್ಕೆ ಅಂತ ಕೊಡುವುದು. ತತ್ವ ಸರಿ ಇದೆ. ಬಂದ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ.

ಹಣ ಎಲ್ಲಿಗೆ ಹೋಗಬೇಕು ಅಂತ ತೋರಿಸಿಕೊಟ್ಟದ್ದು, ನನ್ನ ಮಟ್ಟಿಗೆ, ನವಿ ಮುಂಬಯಿ. ಅದನ್ನು ಕಟ್ಟಲು ರಾಜ್ಯ ಸರ್ಕಾರ ಮಾಡಿದ ಸಿಡ್ಕೋ ಕಂಪನಿ ಹುಟ್ಟಿದ್ದು 1970ರಲ್ಲಿ. ಅದರ ಕೈಯಲ್ಲಿ ಇದ್ದದ್ದು ನೆಲ ಮಾತ್ರ. ನೆಲಕ್ಕೆ ರಸ್ತೆ, ನೀರು, ಚರಂಡಿ ಕೊಟ್ಟು, ಅರವತ್ತು ವರ್ಷದ ಲೀಸಿಗೆ ಹಾಕಿ, ಬಂದ ಹಣದಲ್ಲಿ ಮುಂದಿನ ಬಡಾವಣೆ ಕಟ್ಟಿತು. ಮಾನ್‌ಖುರ್ದ್ ಆಚೆಗಿನ ಲೋಕಲ್ ರೈಲಿನ ಖರ್ಚಿನಲ್ಲಿ ಮೂರನೇ ಎರಡು ಪಾಲು ಸಿಡ್ಕೋದ್ದೇ. ವಾಶಿ, ಬೇಲಾಪುರ ಸ್ಟೇಷನ್ನಿನಲ್ಲಿ ಇಳಿದು ತಲೆ ಎತ್ತಿ ನೋಡಿ. ಸ್ಟೇಷನ್ನಿನ ಮೇಲೆಯೇ ಆಫೀಸುಗಳಿವೆ. ರೈಲು ಬಂದದ್ದರಿಂದ ನೆಲಕ್ಕೆ ಬೆಲೆ, ನೆಲದ ಹಣದಿಂದ ರೈಲು. ಆ ನೆಲ ಬಿಟ್ಟುಕೊಟ್ಟ ಆಗ್ರಿ, ಕೋಲಿ ಸಮುದಾಯದ ಊರಿನ ಜನರ ಕತೆ ಬೇರೆ ಇದೆ. 1984ರಲ್ಲಿ ಅವರು ಚಳವಳಿ ಮಾಡಿದ ಮೇಲೆಯೇ ಕೊಟ್ಟ ಜಾಗದ ಶೇ. 12.5ರಷ್ಟನ್ನು ಅಭಿವೃದ್ಧಿ ಮಾಡಿದ ಪ್ಲಾಟಾಗಿ ವಾಪಸು ಕೊಡುವ ಯೋಜನೆ ಬಂದದ್ದು. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಲಾಭ ಅಂತ ಕಾಣುವುದು ಇನ್ಯಾರದೋ ಗದ್ದೆ ಆಗಿರುತ್ತದೆ.

ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) ಬಾಂದ್ರಾದ ಜೌಗು ನೆಲದಲ್ಲಿ ಬಿಕೆಸಿ ಅನ್ನುವ ಆಫೀಸು ಬಡಾವಣೆ ಎಬ್ಬಿಸಿದ್ದೂ ಅದೇ ದಾರಿಯಲ್ಲಿ. 2019ರಲ್ಲಿ ಅಲ್ಲಿ ಮೂರು ಎಕರೆ ಜಾಗ 80 ವರ್ಷದ ಲೀಸಿಗೆ 2,238 ಕೋಟಿಗೆ ಹೋಯಿತು. ಲೀಸು ಅಂದರೂ ಇದರಲ್ಲಿ ಒಂದು ಸಿಕ್ಕು ಇದೆ. 80 ವರ್ಷದ ಬಾಡಿಗೆ ಶುರುವಿನಲ್ಲೇ ಬಂದುಬಿಡುತ್ತದೆ. ಆ ಪ್ಲಾಟಿನಿಂದ ನಿಮ್ಮ ಮೊಮ್ಮಗನ ಕಾಲದ ಪಾಲಿಕೆಗೋ ಪ್ರಾಧಿಕಾರಕ್ಕೋ ದೊಡ್ಡದೇನೂ ಉಳಿಯುವುದಿಲ್ಲ. ಮೆಟ್ರೊ ಕಟ್ಟಲು ಆ ಹಣ ಹೋದರೆ ಅಡ್ಡಿ ಇಲ್ಲ, ಒಂದು ಆಸ್ತಿ ಇನ್ನೊಂದು ಆಸ್ತಿ ಆಯಿತು. ಮೊಮ್ಮಗ ಆ ಮೆಟ್ರೊದಲ್ಲಿ ಓಡಾಡುತ್ತಾನೆ. ಸಂಬಳಕ್ಕೆ, ಡೀಸೆಲ್ಲಿಗೆ ಹೋದರೆ ಅದು ಬೀಜದ ಭತ್ತ ಬೇಯಿಸಿ ಉಂಡ ಹಾಗೆ.

ಇಲ್ಲಿಗೆ ನಿಮ್ಮ ಡಿಪೋ ಬರುತ್ತದೆ. ಬೆಸ್ಟ್ ಪಾಲಿಕೆಯದೇ ಸಂಸ್ಥೆ, 1947ರಿಂದ. ಬಸ್ಸೂ ಓಡಿಸುತ್ತದೆ, ದಕ್ಷಿಣ ಮುಂಬಯಿಗೆ ಕರೆಂಟೂ ಕೊಡುತ್ತದೆ. ಒಂದು ಕಾಲದಲ್ಲಿ ಬಸ್ಸಿನ ನಷ್ಟವನ್ನು ಕರೆಂಟ್ ಬಿಲ್ಲಿಗೆ ಸೇರಿಸಿ ವಸೂಲಿ ಮಾಡುತ್ತಿದ್ದರು. ಅದು ನಿಂತಿತು. 2019ರಲ್ಲಿ ಕನಿಷ್ಠ ಟಿಕೆಟ್ ಐದು ರೂಪಾಯಿಗೆ ಇಳಿಸಿದರು, ಆರು ವರ್ಷ ಹಾಗೇ ಇಟ್ಟರು. ಬಸ್ಸಿನ ನಷ್ಟ ಅನ್ನುವುದು ದಿನದ ಖರ್ಚು. ಡಿಪೋ ಅನ್ನುವುದು ಬೀಜದ ಭತ್ತ. ಡಿಪೋ ಕೊಟ್ಟು ಟಿಕೆಟ್ ಕಮ್ಮಿ ಇಟ್ಟಿದ್ದರೆ ನಾಲ್ಕು ವರ್ಷ ನಡೆಯುತ್ತಿತ್ತೇನೋ. ಐದನೇ ವರ್ಷ ಡಿಪೋನೂ ಇಲ್ಲ, ಟಿಕೆಟ್ಟೂ ಹತ್ತು ರೂಪಾಯಿ.

ಖಾಲಿ ಅಂದಿರಲ್ಲ, ಹಗಲು ಖಾಲಿ ಇರುವುದೇ ಡಿಪೋದ ಲಕ್ಷಣ. ಬಸ್ಸು ರಸ್ತೆಯಲ್ಲಿರಬೇಕು ತಾನೆ? ರಾತ್ರಿ ಹನ್ನೆರಡಕ್ಕೆ ಒಮ್ಮೆ ಕಿಟಕಿ ತೆಗೆದು ನೋಡಿ. ಆದರೆ ಆ ಹಗಲಿನ ಹೊತ್ತನ್ನು ಮಾರಬಹುದು ಅನ್ನುವುದು ಸರಿ. 2019ರಲ್ಲಿ ಡಿಪೋಗಳನ್ನು ಖಾಸಗಿ ಗಾಡಿಗಳ ಪಾರ್ಕಿಂಗಿಗೆ ತೆರೆದರು. ಒಳ್ಳೆಯ ಹೆಜ್ಜೆ. ಬಸ್ಸಿನ ಚಾರ್ಜಿಂಗ್ ಪಾಯಿಂಟಿನಲ್ಲಿ ಹಗಲು ಟೆಂಪೊ, ಟ್ಯಾಕ್ಸಿ ಚಾರ್ಜ್ ಮಾಡಿಸಬಹುದು. ಬಸ್ಸಿನ ಮೈಮೇಲಿನ ಜಾಹೀರಾತು ಇದೆ. ಮೆಟ್ರೊದವರು ಸ್ಟೇಷನ್ನಿನ ಹೆಸರಿಗೆ ಬ್ಯಾಂಕಿನ ಹೆಸರು ಅಂಟಿಸಿ ಕಾಸು ಮಾಡುತ್ತಾರೆ, ರೈಲ್ವೆಯವರು ಪನ್ವೇಲ್ ಹತ್ತಿರದ ಆಪ್ಟಾ ಸ್ಟೇಷನ್ನನ್ನು ಸಿನಿಮಾ ಶೂಟಿಂಗಿಗೆ ಕೊಟ್ಟು ದುಡಿಯುತ್ತಾರೆ. ಇವೆಲ್ಲ ಚಿಲ್ಲರೆ ಆದಾಯ. ಆದರೆ ಇದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ, ಕೇಸೂ ಆಗುವುದಿಲ್ಲ. ಯಾಕೋ ದೊಡ್ಡ ಅಧಿಕಾರಿಗಳಿಗೆ ಇದು ರುಚಿಸುವುದಿಲ್ಲ. ರಿಬ್ಬನ್ ಕತ್ತರಿಸಲು ಏನೂ ಇಲ್ಲವಲ್ಲ!

ದೊಡ್ಡ ಆದಾಯ ಇರುವುದು ಡಿಪೋದ ಮೇಲಿನ ಗಾಳಿಯಲ್ಲಿ. ಮುಂಬಯಿಯಲ್ಲಿ ಗಾಳಿಗೂ ಬೆಲೆ ಇದೆ, ಅದಕ್ಕೆ ಎಫ್‌ಎಸ್‌ಐ ಅಂತ ಹೆಸರು. ಒಂದು ಪ್ಲಾಟಿನಲ್ಲಿ ಎಷ್ಟು ಕಟ್ಟಬಹುದು ಅನ್ನುವ ಲೆಕ್ಕ ಅದು. 2017ರಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ಹೋದ ಮೇಲೆ ಪಾಲಿಕೆಗೆ ಸ್ವಂತ ಆದಾಯದ ದೊಡ್ಡ ಮೂಲಗಳಲ್ಲಿ ಒಂದು ಎಫ್‌ಎಸ್‌ಐ ಪ್ರೀಮಿಯಂ, ಅಂದರೆ ಜಾಸ್ತಿ ಕಟ್ಟಲು ಬಿಲ್ಡರು ಕೊಡುವ ಹಣ. ಇನ್ನೊಂದು ಪ್ರಾಪರ್ಟಿ ಟ್ಯಾಕ್ಸ್. ಪ್ರೀಮಿಯಂ ಮಾತ್ರ ಮಳೆಯ ಹಾಗೆ, ಬಂದ ವರ್ಷ ಬಂತು. 2021ರಲ್ಲಿ ಸರ್ಕಾರ ಅರ್ಧ ದರ ಅಂದಾಗ ಬಿಲ್ಡರುಗಳು ಸಾಲುಗಟ್ಟಿ ಕಟ್ಟಿದರು. ಮುಂದೆ ಬರಬೇಕಾದದ್ದೂ ಆ ವರ್ಷವೇ ಬಂದುಬಿಟ್ಟಿತು.

ಡಿಪೋದ ಕೆಳಗೆ ಬಸ್ಸು, ಮೇಲೆ ಆಫೀಸು ಅನ್ನುವ ಪ್ರಯೋಗ ಹಿಂದೆಯೂ ಆಗಿದೆ. ಕೆಲವು ಡಿಪೋಗಳನ್ನು ಡೆವಲಪರುಗಳಿಗೆ ಕೊಟ್ಟರು. ಕಟ್ಟಡ ಎದ್ದಿತು, ಕೆಲವರ ಹಣ ಬಾಕಿ ಉಳಿಯಿತು, ವ್ಯಾಜ್ಯ ಆಯಿತು. ನನ್ನನ್ನು ಕೇಳಿದರೆ ಆ ಯೋಜನೆ ತಪ್ಪಲ್ಲ, ಕರಾರು ತಪ್ಪು. ನಾನು ಬರೆಯುವುದಾದರೆ ಮೊದಲು ಕಂತು ಕಟ್ಟದೆ ಮುಂದಿನ ಮಹಡಿಗೆ ಅನುಮತಿ ಇಲ್ಲ ಅಂತ ಬರೆಯುತ್ತೇನೆ. ಆಮೇಲೆ ಡಬಲ್ ಡೆಕ್ಕರ್ ಒಳಗೆ ಬಂದು ತಿರುಗುವಷ್ಟು ಎತ್ತರ, ಕಂಬಗಳ ನಡುವೆ ಅಷ್ಟು ಅಗಲ. ಒಮ್ಮೆಗೇ ದೊಡ್ಡ ಮೊತ್ತ ಬೇಡ. ವರ್ಷಕ್ಕೆ ಇಷ್ಟು ಗ್ಯಾರಂಟಿ ಬಾಡಿಗೆ, ಅದರ ಮೇಲೆ ವ್ಯಾಪಾರದಲ್ಲಿ ಪಾಲು. ಮಾಲ್ ಮಾಲೀಕರು ನಿಮ್ಮ ಹೋಟೆಲಿನವರಿಂದ ತೆಗೆದುಕೊಳ್ಳುವುದು ಹೀಗೆಯೇ ಅಲ್ವಾ? ಖಾಸಗಿಯವರು ಎಂದೋ ಕಲಿತ ವಿದ್ಯೆ ಇದು. ಇಷ್ಟಾದ ಮೇಲೂ ಒಂದು ಷರತ್ತು ಇದೆ. ಆ ಹಣ ಬೇರೆ ಖಾತೆಗೆ ಹೋಗಬೇಕು, ಹೊಸ ಬಸ್ಸು ಕೊಳ್ಳಲು ಮಾತ್ರ ತೆಗೆಯಬೇಕು.

ಜಾಗ ಕೊಟ್ಟು ಬಾಡಿಗೆ ಎಣಿಸಿದರೆ ಒಡೆಯನ ಕೆಲಸ ಮುಗಿಯುವುದಿಲ್ಲ. 2024ರ ಮೇ 13ರ ಸಂಜೆ ಘಾಟ್ಕೋಪರದಲ್ಲಿ ಬಿದ್ದ ಹೋರ್ಡಿಂಗ್ ನೆನಪಿದೆಯಲ್ಲ? ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಜನ ಸತ್ತರು. ಅದು ನಿಂತಿದ್ದು ರೈಲ್ವೆ ಪೊಲೀಸರ ಸುಪರ್ದಿನ ಜಾಗದಲ್ಲಿ. ಪಾಲಿಕೆಯ ನಿಯಮ 40 ಅಡಿಗೆ 40 ಅಡಿ, ನಿಂತಿದ್ದು 120 ಅಡಿಗೆ 120. ಪಾಲಿಕೆ ನಮ್ಮ ಅನುಮತಿ ಇಲ್ಲ ಅಂದಿತು. ಇದನ್ನು ಓದಿದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೋರ್ಡಿಂಗ್ ಫೈಲಿಗೆ ನಾನೂ ಸಹಿ ಹಾಕಿದವನು. ಸಹಿ ಹಾಕುವಾಗ ಬಾಡಿಗೆಯ ಅಂಕಿ ನೋಡುತ್ತಿದ್ದೆ, ಪಾಯ ಎಷ್ಟು ಆಳ ಅಂತ ಹೋಗಿ ನೋಡಿದ್ದು ನೆನಪಿಲ್ಲ.

ಎಲ್ಲ ಜಾಗವೂ ದುಡಿಯಬೇಕು ಅಂತಲೂ ನಾನು ಒಪ್ಪುವುದಿಲ್ಲ. ಪಾಲಿಕೆ ಇವತ್ತಿಗೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಕನ್ನಡವೂ ಒಂದು. ಕನ್ನಡ ಶಾಲೆಯಲ್ಲಿ ಮಕ್ಕಳು ಕಮ್ಮಿ, ಕೋಣೆ ಖಾಲಿ. ಸರ್ಕಾರದ ಜಾಗದ ದರಪಟ್ಟಿ (ರೆಡಿ ರೆಕ್ನರ್) ಹಿಡಿದು ಲೆಕ್ಕ ಹಾಕಿದರೆ ಆ ಕೋಣೆಯಲ್ಲಿ ಕೋಚಿಂಗ್ ಕ್ಲಾಸೋ ಜಿಮ್ಮೋ ಹಾಕಿಸಬಹುದು. ಆ ಲೆಕ್ಕ ನಿಮಗೆ ಇಷ್ಟ ಆಗುತ್ತದೆಯೇ? ಮೈದಾನಕ್ಕೂ, ಸ್ಮಶಾನಕ್ಕೂ, ನಿಮ್ಮ ಸಂಘಕ್ಕೆ ಕೊಟ್ಟ ಜಾಗಕ್ಕೂ ಇದೇ ಮಾತು. ಕಮ್ಮಿ ಬಾಡಿಗೆಗೆ ಕೊಡುವುದು ತಪ್ಪಲ್ಲ. ಯಾರಿಗೆ, ಯಾಕೆ, ಎಷ್ಟು ಕಮ್ಮಿ, ಎಂದಿನ ತನಕ ಅಂತ ಪುಸ್ತಕದಲ್ಲಿ ಬರೆದಿರಬೇಕು. ಹಾಗೆ ಬರೆದು ಕೊಟ್ಟರೆ ಅದು ದಾನ, ಬರೆಯದೆ ಬಿಟ್ಟರೆ ಸೋರಿಕೆ.

ಉಳಿಸಿದ ಬಾಡಿಗೆಯೂ ಆದಾಯವೇ. ನರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡವನ್ನು ರಾಜ್ಯ ಸರ್ಕಾರಕ್ಕೆ 1,601 ಕೋಟಿಗೆ ಕೊಡಲು 2024ರಲ್ಲಿ ಕೇಂದ್ರ ಒಪ್ಪಿತು. ಎಡಗೈಯಿಂದ ಬಲಗೈಗೆ ಅಂತ ನಕ್ಕವರಿದ್ದಾರೆ. ಆದರೆ ಊರೆಲ್ಲ ಬಾಡಿಗೆ ಕಟ್ಟಡಗಳಲ್ಲಿ ಹಂಚಿಹೋದ ಸರ್ಕಾರಿ ಆಫೀಸುಗಳು ರಾಜ್ಯದ ಸಚಿವಾಲಯವಾದ ಮಂತ್ರಾಲಯದ ಪಕ್ಕಕ್ಕೇ ಬಂದರೆ ಪ್ರತಿ ತಿಂಗಳ ಬಾಡಿಗೆ ಉಳಿಯುತ್ತದೆ.

ನೀವೇನು ಮಾಡಬಹುದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಎಫ್ ನಾರ್ತ್ ವಾರ್ಡಿನಲ್ಲಿ ಪಾಲಿಕೆ ಲೀಸಿಗೆ ಕೊಟ್ಟ ಜಾಗಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಜಾಗ ಯಾವುದು, ಲೀಸು ಮುಗಿಯುವ ತಾರೀಕು, ಈಗಿನ ಬಾಡಿಗೆ, ಬಾಕಿ. ನಾಲ್ಕೇ ಕಾಲಂ. ಅರ್ಜಿಗೆ ಹತ್ತು ರೂಪಾಯಿ, ನಿಮ್ಮ ಹೊಸ ಬಸ್ ಟಿಕೆಟ್ಟಿನಷ್ಟೇ. ತಾರೀಕಿನ ಕಾಲಂ ಖಾಲಿ ಇರುವ ಸಾಲುಗಳನ್ನು ಎಣಿಸಿ.

ಅರ್ಜಿ ಹಾಕುವ ಮೊದಲು ಇನ್ನೊಂದು ಕೆಲಸ. ನಿಮ್ಮ ಹಾಲ್ ಇರುವುದು ಪಾಲಿಕೆ ಕೊಟ್ಟ ಜಾಗದಲ್ಲಿ ಅಂತ ನೀವೇ ಬರೆದಿದ್ದೀರಿ. ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಸಂಘದ ಹೆಸರೂ ಇರುತ್ತದೆ. ಮದುವೆಗೆ ಬಾಡಿಗೆಗೆ ಕೊಡಬಹುದು ಅಂತ ಕರಾರಿನಲ್ಲಿ ಇದೆಯೇ, ಅಥವಾ ಸಾಂಸ್ಕೃತಿಕ ಕೆಲಸಕ್ಕೆ ಮಾತ್ರ ಅಂತಿದೆಯೇ? ಎಷ್ಟು ವರ್ಷ ಉಳಿದಿದೆ? ಕಾರ್ಯದರ್ಶಿಗಳ ಕಪಾಟು ತೆಗೆಸಿ, ಮೂಲ ಕಾಗದ ಸಿಕ್ಕಿತೋ ಇಲ್ಲವೋ ನನಗೆ ಬರೆದು ತಿಳಿಸಿ.